ಮನೆ ಪಕ್ಕದ ಮರವನ್ನು ಕಟ್ಟಿ ಇಳಿಸಲು ಹಗುರ ಹಗ್ಗ-ಕಪ್ಪಿ ಆರಿಸುವ ಕ್ರಮ

ಪತ್ತನಾಜೆ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ ಬರುವ ತುಳುವರ ಆಚರಣೆಯ ದಿನ) ಹತ್ತಿರ ಬಂದಂತೆ ಕಾಸರಗೋಡು, ಮಂಜೇಶ್ವರ ಕಡೆ ಪ್ರತಿವರ್ಷವೂ ಒಂದೇ ದೂರು. ಮಾಡಿನ ಮೇಲೆ ಚಾಚಿದ ಹಲಸಿನ ಗೆಲ್ಲನ್ನು (ಕೊಂಬೆಯನ್ನು) ಕಟ್ಟಿ ಇಳಿಸಲು ಹೊಸ ಹಗ್ಗವನ್ನೇ ತಂದಿದ್ದರು, ಆದರೂ ಕಡಿದುಹೋಗಿ ಹಂಚು ಪುಡಿಯಾಯಿತು. ಇಲ್ಲವೇ ಹಗ್ಗ ಉಳಿಯಿತು, ಕಪ್ಪಿ ಬಾಯಿ ಬಿಟ್ಟಿತು. ವಿಚಾರಿಸಿದರೆ ಎಲ್ಲರೂ ಶುರು ಮಾಡಿದ್ದು ಅಂಗಡಿಯಲ್ಲಿ, "ಒಂದು ಗಟ್ಟಿ ಹಗ್ಗ ಕೊಡಿ" ಎಂಬಲ್ಲಿಂದ. ಈ ಕೆಲಸದಲ್ಲಿ ಹಗ್ಗದ ಆಯ್ಕೆ ಬರುವುದು ನಾಲ್ಕನೆಯದಾಗಿ. ಅದಕ್ಕೆ ಮೊದಲಿನ ಮೂರನ್ನು ಬಿಟ್ಟರೆ ಎಷ್ಟು ದುಡ್ಡು ಸುರಿದರೂ ಪ್ರಯೋಜನವಿಲ್ಲ.

ಹಗುರ ಸಾಮಾನು ಬೇಕಾಗುವುದು ಏಕೆಂದರೆ ನಮ್ಮಲ್ಲಿ ಬಹುಪಾಲು ಮರಗಳ ಬುಡಕ್ಕೆ ಜೀಪು ಹೋಗುವುದಿಲ್ಲ. ಕಂಗಿನ (ಅಡಿಕೆ ಮರದ) ಸಾಲಿನ ನಡುವೆ, ಸಂಕ ದಾಟಿ, ಹೊತ್ತುಕೊಂಡೇ ಹೋಗಬೇಕು. ಮತ್ತೆ ಸೊಂಟಕ್ಕೆ ತೂಗಿಸಿಕೊಂಡು ಮೇಲೆ ಹತ್ತಬೇಕು. ಆದರೆ ಸಾಮಾನು ಹಗುರವಾದಷ್ಟೂ ತುಂಡುಗಳೂ ಚಿಕ್ಕದಾಗಬೇಕು. ಇದಕ್ಕೆ ಒಪ್ಪದವರು ಹಗುರ ಸಾಮಾನು ಕೊಳ್ಳದಿರುವುದೇ ಒಳ್ಳೆಯದು.

ಇದು ಮರ ಹತ್ತುವುದನ್ನು, ಕೊಯ್ಯುವ ಮಿಷನ್ (ಚೈನ್ ಸಾ) ಹಿಡಿಯುವುದನ್ನು ಬಲ್ಲ ಇಬ್ಬರು ಮೂವರ ತಂಡಕ್ಕೆ ಬರೆದದ್ದು. ಆ ಎರಡನ್ನೂ ಓದಿ ಕಲಿಯಲಾಗದು.

ಹಂತ 1: ಈ ಮರ ಹಗುರ ಸಾಮಾನಿಗೆ ಒಗ್ಗುತ್ತದೆಯೇ?

ಮರವನ್ನು ಒಂದು ಸುತ್ತು ಹಾಕಿ ನೋಡಿ. ತೆಂಗಾದರೆ ಕಾಂಡದಿಂದ ಕಂದುಕೆಂಪು ರಸ ಒಸರುತ್ತಿದೆಯೇ, ತೂತುಗಳಿಂದ ಅಗಿದ ನಾರು ಹೊರಬಂದಿದೆಯೇ, ಬುಡದಲ್ಲಿ ಅಣಬೆ ಎದ್ದಿದೆಯೇ, ಸುಳಿ ಬಾಗಿದೆಯೇ ಎಂದು ಪರೀಕ್ಷಿಸಿ. ಕೆಂಪು ಮೂತಿ ಹುಳು ಒಳಗೆ ತಿಂದು ಟೊಳ್ಳಾದ ತೆಂಗು ಹೊರಗಿನಿಂದ ನೆಟ್ಟಗೇ ಕಾಣುತ್ತದೆ. ಸಿಡಿಲು ಬಡಿದ ಮರವೂ ಹಾಗೆಯೇ. ಅಂಥದ್ದಕ್ಕೆ ಹತ್ತುವುದೂ ಬೇಡ, ಅದನ್ನು ಆಧಾರ ಮಾಡಿ ಹಗ್ಗ ಕಟ್ಟುವುದೂ ಬೇಡ. ಕ್ರೇನ್ ಬರುವ ದಾರಿ ಇದ್ದರೆ ತರಿಸಿ, ಇಲ್ಲವಾದರೆ ದೂರದಿಂದ ಎಳೆದು ಬೀಳಿಸಲು ಜಾಗ ಖಾಲಿ ಮಾಡಿಸಿ.

ಗೇರು, ನುಗ್ಗೆ, ಅಕೇಶಿಯಾ ಗೆಲ್ಲುಗಳು ಮುನ್ಸೂಚನೆ ಕೊಡದೆ ಪಟ್ಟನೆ ಮುರಿಯುವ ಜಾತಿ. ಇವುಗಳನ್ನು ಇಳಿಸಬಹುದು, ಆದರೆ ಆಧಾರವಾಗಿ ನಂಬಬೇಡಿ.

ಕರೆಂಟ್ ಲೈನ್ ಹತ್ತಿರವಿದ್ದರೆ ಮೊದಲು ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ಹೇಳಿ ಲೈನ್ ಆಫ್ ಮಾಡಿಸಿ. 1912ಕ್ಕೂ ಕರೆ ಮಾಡಬಹುದು. ಹಗ್ಗ ನೈಲಾನಿನದು, ಶಾಕ್ ಹೊಡೆಯುವುದಿಲ್ಲ ಎಂಬ ಮಾತು ಒದ್ದೆ ಹಗ್ಗಕ್ಕೆ ಅನ್ವಯಿಸುವುದಿಲ್ಲ.

ಹಂತ 2: ತುಂಡಿನ ತೂಕ ಲೆಕ್ಕ ಹಾಕಿ

ಎಲ್ಲರೂ ಹಾರಿಸುವ ಹಂತ ಇದು. ಕಣ್ಣಂದಾಜಿನಲ್ಲಿ "ನಲವತ್ತು ಕೆ.ಜಿ. ಬಂದೀತು" ಎಂದದ್ದು ನೂರು ದಾಟಿರುತ್ತದೆ. ಹಸಿ ಮರದ ತೂಕವನ್ನು ಅಷ್ಟೇ ಗಾತ್ರದ ನೀರಿಗೆ ಸಮ ಎಂದು ಇಟ್ಟುಕೊಳ್ಳಿ. ಆಗ ಟೈಲರ್ ಟೇಪು ಸಾಕು: ಗೆಲ್ಲಿನ ನಡುಭಾಗದ ಸುತ್ತಳತೆಯನ್ನು ಸೆಂ.ಮೀ.ನಲ್ಲಿ ಅಳೆಯಿರಿ, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, 8ರಿಂದ ಗುಣಿಸಿ, 1,000ದಿಂದ ಭಾಗಿಸಿ. ಒಂದು ಮೀಟರ್ ಉದ್ದಕ್ಕೆ ಎಷ್ಟು ಕೆ.ಜಿ. ಎಂಬುದು ಸಿಗುತ್ತದೆ.

ಸುತ್ತಳತೆ 100 ಸೆಂ.ಮೀ. ಇದ್ದರೆ ಮೀಟರಿಗೆ 80 ಕೆ.ಜಿ. 150 ಸೆಂ.ಮೀ. ಆದರೆ 180 ಕೆ.ಜಿ. 200 ಆದರೆ 320. ಸುತ್ತಳತೆ ಇಮ್ಮಡಿಯಾದರೆ ತೂಕ ನಾಲ್ಕು ಪಟ್ಟಾಗುತ್ತದೆ, ಎಡವುವುದು ಇಲ್ಲೇ. 90 ಸೆಂ.ಮೀ. ಸುತ್ತಳತೆಯ ತೆಂಗಿನ ಕಾಂಡ ಮೀಟರಿಗೆ 65 ಕೆ.ಜಿ. ಹತ್ತಿರ ಬರುತ್ತದೆ.

ಎಲೆ, ಚಿಗುರು ತುಂಬಿದ ಗೆಲ್ಲಿಗೆ ನಾನು ಲೆಕ್ಕಕ್ಕೆ ಬಂದದ್ದರ ಅರ್ಧವನ್ನು ಮತ್ತೆ ಕೂಡಿಸುತ್ತೇನೆ. ಹಲಸಿನಲ್ಲಿ ಕಾಯಿ ಇದ್ದರೆ ಮೊದಲು ಕಾಯಿ ಇಳಿಸಿ. ಒಣಗಿದ ಮರವೆಂದು ರಿಯಾಯಿತಿ ಕೊಡಬೇಡಿ. ತೂಕ ಕಡಿಮೆಯಾದಷ್ಟೇ ಅದರ ನಂಬಿಕೆಯೂ ಕಡಿಮೆ.

ಹಂತ 3: ಮೇಲಿನ ಆಧಾರದ ಮೇಲೆ ಎಷ್ಟು ಭಾರ ಬೀಳುತ್ತದೆ

ತುಂಡು 50 ಕೆ.ಜಿ. ಎಂದಿಟ್ಟುಕೊಳ್ಳಿ. ಹಗ್ಗ ಮೇಲಿನ ಕಪ್ಪಿಯಲ್ಲಿ ಹಾದು ನೇರ ಕೆಳಗೆ ಬರುತ್ತದೆ. ಒಂದು ಕಡೆ ತುಂಡು 50 ಕೆ.ಜಿ. ಎಳೆಯುತ್ತದೆ, ಇನ್ನೊಂದು ಕಡೆ ಹಿಡಿದವರು ಅಷ್ಟೇ ಎಳೆಯುತ್ತಾರೆ. ಕಪ್ಪಿ ಮತ್ತು ಅದನ್ನು ಕಟ್ಟಿದ ಗೆಲ್ಲಿನ ಮೇಲೆ 100 ಕೆ.ಜಿ. ಬಿತ್ತು. ಹಗ್ಗದ ಎರಡು ಎಳೆಗಳ ನಡುವೆ ಲಂಬಕೋನ ಇದ್ದರೆ ಸುಮಾರು 70 ಕೆ.ಜಿ. ಇದು ಮೆಲ್ಲನೆ ಇಳಿಸಿದರೆ ಮಾತ್ರ.

ನಿಜವಾದ ಅಪಾಯ ಇರುವುದು ಆಧಾರ ತುಂಡಿಗಿಂತ ಕೆಳಗಿರುವಾಗ. ತೆಂಗಿನಲ್ಲಿ ಬೇರೆ ದಾರಿಯೇ ಇಲ್ಲ: ಗೆಲ್ಲಿಲ್ಲದ ಕಾಂಡ, ಕಪ್ಪಿಯನ್ನು ಕೊಯ್ಯುವ ಜಾಗದ ಕೆಳಗೇ ಕಟ್ಟಬೇಕು. ತುಂಡು ಮೊದಲು ಬೀಳುತ್ತದೆ, ಆಮೇಲೆ ಹಗ್ಗ ಅದನ್ನು ತಡೆಯುತ್ತದೆ. 60 ಕೆ.ಜಿ. ತುಂಡು ಎರಡು ಮೀಟರ್ ಬಿದ್ದು ಥಟ್ಟನೆ ನಿಂತರೆ ಪಾಲಿಯೆಸ್ಟರ್ ಹಗ್ಗದ ಮೇಲೆ ಅದರ ಎಂಟು ಪಟ್ಟಿನಷ್ಟು ಜಗ್ಗು, ಅಂದರೆ 450ರಿಂದ 500 ಕೆ.ಜಿ. ಬರಬಹುದು. ಕಪ್ಪಿಯಲ್ಲಿ ಅದು ಇಮ್ಮಡಿಯಾಗಿ ಟನ್ನಿನ ಹತ್ತಿರ ಹೋಗುತ್ತದೆ. ಕೆಳಗಿನವರು ಹಗ್ಗವನ್ನು ಜಾರಿಸುತ್ತ ನಿಧಾನಕ್ಕೆ ನಿಲ್ಲಿಸಿದರೆ ಈ ಜಗ್ಗು ಬಹಳ ಇಳಿಯುತ್ತದೆ. ಆದರೆ ಸಾಮಾನು ಆರಿಸುವಾಗ ಅವರು ಗಾಬರಿಯಲ್ಲಿ ಗಟ್ಟಿ ಹಿಡಿದೇ ಬಿಡುತ್ತಾರೆ ಎಂದು ಎಣಿಸಿ.

ಆಧಾರದ ಗೆಲ್ಲು ಹಸಿಯಾಗಿರಲಿ, ಕಾಂಡಕ್ಕೆ ಅಗಲವಾಗಿ ಕೂಡಿರಲಿ. ಎರಡು ಗೆಲ್ಲುಗಳು ಇಕ್ಕಟ್ಟಾಗಿ ಸೇರಿ ನಡುವೆ ತೊಗಟೆ ಒಳಗೆ ಮಡಚಿಕೊಂಡಿದ್ದರೆ ಅದು ಸೀಳುವ ಜಾಗ, ಎಷ್ಟು ದಪ್ಪವಿದ್ದರೂ ಬಿಟ್ಟುಬಿಡಿ.

ಹಂತ 4: ಈಗ ಹಗ್ಗ

ಅಂಗಡಿಯಲ್ಲಿ ಹೊಳೆಯುವುದೆಲ್ಲ ನೈಲಾನ್ ಎಂದೇ ಮಾರಾಟವಾಗುತ್ತದೆ. ಒಂದು ಗೇಣು ತುಂಡು ಕೇಳಿ ತಂದು ಬಕೆಟ್ ನೀರಿಗೆ ಹಾಕಿ, ಗಾಳಿಗುಳ್ಳೆ ಹೋಗುವಂತೆ ಹಿಂಡಿ. ತೇಲಿದರೆ ಅದು ನೈಲಾನೂ ಅಲ್ಲ, ಪಾಲಿಯೆಸ್ಟರೂ ಅಲ್ಲ. ಹೆಚ್ಚಾಗಿ ಪಾಲಿಪ್ರೊಪಿಲೀನ್ ಆಗಿರುತ್ತದೆ. ನೈಲಾನ್, ಪಾಲಿಯೆಸ್ಟರ್ ಎರಡೂ ಮುಳುಗುತ್ತವೆ.

ಮೀನುಗಾರಿಕೆ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಹಸಿರು, ನೀಲಿ, ಹಳದಿ ಪಾಲಿಪ್ರೊಪಿಲೀನ್ ಹಗ್ಗ 12 ಮಿ.ಮೀ. ದಪ್ಪದ್ದು 50 ಮೀಟರಿಗೆ ಮೂರೂಕಾಲು ಕೆ.ಜಿ. ತೂಗುತ್ತದೆ, ಹೊಸದರಲ್ಲಿ ಸುಮಾರು ಎರಡು ಟನ್ನಿಗೆ ಕಡಿಯುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಸುಮಾರು 165 ಡಿಗ್ರಿಯಲ್ಲಿ ಕರಗುತ್ತದೆ. ಕವೆಯಲ್ಲಿ ಉಜ್ಜುತ್ತ ತುಂಡೊಂದು ಸರ್ರನೆ ಇಳಿದರೆ ಹಗ್ಗದ ಮೈಯಲ್ಲಿ ಗಾಜಿನಂಥ ಹೊಳಪು ಗೆರೆ ಬಿದ್ದಿರುತ್ತದೆ. ಬೆರಳಿಗೆ ಒರಟು, ಮಡಚಿದರೆ ಬಾಗದು. ಆ ಹಗ್ಗ ಮುಗಿಯಿತು. ಬಿಸಿಲಿಗೂ ಅದು ಬೇಗ ಸೋಲುತ್ತದೆ. ಕೊಯ್ದು ನೆಲಕ್ಕೆ ಬಿದ್ದ ಗೆಲ್ಲು ಎಳೆಯಲು ಇಟ್ಟುಕೊಳ್ಳಿ, ಇಳಿಸಲು ಬೇಡ.

ಮೂರೆಳೆಯ ನೈಲಾನ್ 12 ಮಿ.ಮೀ. ಸುಮಾರು ಮೂರು ಟನ್ ತಡೆಯುತ್ತದೆ, 50 ಮೀಟರಿಗೆ ನಾಲ್ಕೂವರೆ ಕೆ.ಜಿ. ಇದರ ಎಳೆತವೇ (ಭಾರಕ್ಕೆ ಹಿಗ್ಗುವುದೇ) ಗುಣ, ಎಳೆತವೇ ದೋಷ. ಜಗ್ಗನ್ನು ಹೀರಿಕೊಳ್ಳುತ್ತದೆ, ಆದರೆ ಮಾಡಿನಿಂದ ಒಂದು ಮೊಳ ಮೇಲೆ ನಿಲ್ಲಬೇಕಾದ ತುಂಡು ಉಯ್ಯಾಲೆಯಾಡಿ ಹಂಚಿಗೆ ತಾಗುತ್ತದೆ. ಒದ್ದೆಯಾದರೆ ಬಲದಲ್ಲಿ ಶೇ. 10-15 ಕಡಿಮೆ. ಮಳೆಗಾಲದ ಕೆಲಸಕ್ಕೆ ನನಗೆ ಇಷ್ಟವಿಲ್ಲ.

ನಾನು ಹೇಳುವುದು ಪಾಲಿಯೆಸ್ಟರ್, ಒಳಗೊಂದು ಹೊರಗೊಂದು ಹೆಣಿಗೆ ಇರುವ ಜೋಡು ಹೆಣಿಗೆಯ ಹಗ್ಗ, 12 ಮಿ.ಮೀ., ಲೇಬಲ್‌ನಲ್ಲಿ ಕಡಿಯುವ ಭಾರ 3,000 ಕೆ.ಜಿ.ಗೆ ಕಡಿಮೆಯಿಲ್ಲದ್ದು. 50 ಮೀಟರಿಗೆ ಐದೂವರೆ ಆರು ಕೆ.ಜಿ. ಬರುತ್ತದೆ. ಎಳೆತ ಕಡಿಮೆ, ನೀರಿಗೆ ಬಲ ಕುಂದದು, ಕರಗುವುದು 250 ಡಿಗ್ರಿ ದಾಟಿದ ಮೇಲೆ. ತೂಕ ಉಳಿಸಲೆಂದು 10 ಮಿ.ಮೀ.ಗೆ ಇಳಿಯಬೇಡಿ: ಬಲ ಶೇ. 30ರಷ್ಟು ಹೋಗುತ್ತದೆ, ಕೈಗೆ ಹಿಡಿತವೂ ಸಿಗದು. 16 ಮಿ.ಮೀ.ಗೆ ಏರಿದರೆ ಹೊರೆ ಮುಕ್ಕಾಲು ಪಾಲು ಹೆಚ್ಚು. ಆಗ ಅದು ಹಗುರ ಸಾಮಾನು ಅಲ್ಲ.

ಡೈನೀಮಾ (ಬಹಳ ಬಲದ ಒಂದು ಪ್ಲಾಸ್ಟಿಕ್ ನಾರು) ಜಾತಿಯ ಹಗ್ಗ ಇನ್ನೂ ಹಗುರ, ಬಲವೂ ಹೆಚ್ಚು ಎಂದು ಆನ್‌ಲೈನಿನಲ್ಲಿ ಆಸೆ ಹುಟ್ಟಿಸುತ್ತಾರೆ. ಅದು ನುಣುಪು, ಗಂಟು ಜಾರುತ್ತದೆ, ಎಳೆತವೇ ಇಲ್ಲ, ಕರಗುವುದು 150 ಡಿಗ್ರಿಯ ಆಸುಪಾಸಿನಲ್ಲಿ. ಇಳಿಸುವ ಹಗ್ಗವಾಗಿ ಬೇಡವೇ ಬೇಡ.

ಇನ್ನು ಭಾರದ ಲೆಕ್ಕ. ಹೊಸ ಹಗ್ಗದ ಕಡಿಯುವ ಭಾರದ ಹತ್ತನೇ ಒಂದರಷ್ಟು ಮಾತ್ರ ದುಡಿಸಿ. 3,000 ಕೆ.ಜಿ. ಹಗ್ಗಕ್ಕೆ 300 ಕೆ.ಜಿ. ಇದು ಜಿಪುಣತನವಲ್ಲ: ಗಂಟು ಹಾಕಿದಲ್ಲಿ ಬಲದ ಮೂರನೇ ಒಂದರಿಂದ ಅರ್ಧದವರೆಗೆ ಹೋಗುತ್ತದೆ, ಹಳತಾದಂತೆ ಇನ್ನಷ್ಟು. ಈಗ ಹಂತ 3ರ ಎಂಟು ಪಟ್ಟನ್ನು ನೆನಪಿಸಿಕೊಳ್ಳಿ. ಬಿದ್ದು ನಿಲ್ಲುವ ತುಂಡು 35 ಕೆ.ಜಿ. ದಾಟಬಾರದು. 90 ಸೆಂ.ಮೀ. ಸುತ್ತಳತೆಯ ತೆಂಗಿನಲ್ಲಿ ಅದು ಅರ್ಧ ಮೀಟರ್ ತುಂಡು. ಬೀಳದೆ, ಮೇಲಿನ ಆಧಾರದಿಂದ ಮೆಲ್ಲನೆ ಇಳಿಯುವ ಗೆಲ್ಲಾದರೆ 100 ಕೆ.ಜಿ.ವರೆಗೆ ಹೋಗಬಹುದು, ಅದೂ ಮೇಲಿನ ಗೆಲ್ಲು ತಡೆಯುವಂತಿದ್ದರೆ. ಮನೆಯವರು ಕೆಳಗೆ ನಿಂತು "ಇಷ್ಟು ಸಣ್ಣ ಸಣ್ಣ ಕೊಯ್ದರೆ ಯಾವಾಗ ಮುಗಿಯುವುದು ಮಾರಾಯ್ರೆ" ಎನ್ನುತ್ತಾರೆ. ಎನ್ನಲಿ.

ಉದ್ದ: ಆಧಾರದ ಎತ್ತರದ ಇಮ್ಮಡಿ, ಜೊತೆಗೆ ಬುಡದ ಸುತ್ತುಗಳಿಗೆ, ಗಂಟಿಗೆ, ನಿಲ್ಲುವ ಅಂತರಕ್ಕೆ ಹತ್ತು ಮೀಟರ್. 15 ಮೀಟರ್ ಎತ್ತರಕ್ಕೆ 40 ಬೇಕು; ಒಂದೇ ತುಂಡಿನದು ಕೊಳ್ಳಿ, ಗಂಟು ಹಾಕಿ ಜೋಡಿಸಿದ್ದು ಕಪ್ಪಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಹತ್ತಿದವನು ತನ್ನನ್ನು ಕಟ್ಟಿಕೊಳ್ಳುವ ಹಗ್ಗ ಬೇರೆಯೇ ಇರಬೇಕು. ತುಂಡು ಇಳಿಸಿದ ಹಗ್ಗಕ್ಕೆ ಮರ ಹತ್ತಿದವನು ತೂಗಬಾರದು, ಒಂದು ಸಲವೂ.

ಹಂತ 5: ಆಧಾರಕ್ಕೆ ಬೆಲ್ಟ್

ಕ್ರೇನಿನವರು ಬಳಸುವ ಪಾಲಿಯೆಸ್ಟರ್ ಬೆಲ್ಟ್ ಸ್ಲಿಂಗೇ ಇಲ್ಲಿ ಸುಲಭದ ಆಯ್ಕೆ. ಬಣ್ಣದಿಂದಲೇ ಗುರುತು: ನೇರಳೆ 1 ಟನ್, ಹಸಿರು 2 ಟನ್, ಹಳದಿ 3 ಟನ್. ಇದು ದುಡಿಸಬಹುದಾದ ಭಾರ. ಕಡಿಯುವ ಭಾರ ಇದರ ಏಳು ಪಟ್ಟು. ಮರಕ್ಕೆ ಸುತ್ತಿ ಒಂದು ಕಿವಿಯೊಳಗಿಂದ ಇನ್ನೊಂದನ್ನು ತೂರಿಸಿ ಬಿಗಿದರೆ ಸಾಮರ್ಥ್ಯ ಶೇ. 80ಕ್ಕೆ ಇಳಿಯುತ್ತದೆ, ನೇರಳೆ ಬೆಲ್ಟ್ 800 ಕೆ.ಜಿ. ಆಗುತ್ತದೆ. ನಮ್ಮ 35 ಕೆ.ಜಿ. ತುಂಡಿಗೆ ಕಪ್ಪಿಯಲ್ಲಿ ಬರುವ ಜಗ್ಗು 600ರೊಳಗೆ. ಹಾಗಾಗಿ ನೇರಳೆ ಸಾಕು, ಎರಡು ಮೀಟರ್ ಉದ್ದದ್ದು ಎರಡು. ಲೇಬಲ್ ಕಿತ್ತುಹೋದದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ.

ತೆಂಗಿನ ನುಣುಪು ಕಾಂಡದಲ್ಲಿ ಬೆಲ್ಟ್ ಜಾರುತ್ತದೆ. ಎರಡು ಸುತ್ತು ಸುತ್ತಿ ಆಮೇಲೆ ಬಿಗಿಯಿರಿ. ಮಿಷನ್ ಕೊಯ್ಯುವ ಗೆರೆಯಿಂದ ಕನಿಷ್ಠ ಒಂದು ಮೊಳ ಕೆಳಗಿರಲಿ. ಚೈನ್ ತಾಗಿದರೆ ಬೆಲ್ಟ್ ಕ್ಷಣದಲ್ಲಿ ಹೋಗುತ್ತದೆ.

ತುಂಡಿಗೆ ಹಗ್ಗ ಕಟ್ಟಲು ಕೊಕ್ಕೆ ಬೇಕಾಗಿಲ್ಲ. ಬೋಲೈನ್ (ಎಳೆದರೂ ಬಿಗಿಯದ ಗಂಟು) ಕುಣಿಕೆಯೊಳಗೆ ಹಗ್ಗವನ್ನೇ ತೂರಿಸಿ ಜೀರುಕುಣಿಕೆ ಮಾಡಿ, ಅದಕ್ಕೆ ಮೊದಲು ಒಂದು ಅರ್ಧ ಸುತ್ತಿನ ಬಿಗಿತ ಕೊಡಿ. ಬರಿಯ ಜೀರುಕುಣಿಕೆ ಗುಂಡನೆಯ ತುಂಡಿನಿಂದ ಕಳಚಿಕೊಂಡೀತು.

ಹಂತ 6: ಕಪ್ಪಿ, ರಿಂಗು, ಶ್ಯಾಕಲ್

ಬಾವಿಯ ಕಪ್ಪಿಯನ್ನು ಮರಕ್ಕೆ ಏರಿಸುವುದನ್ನು ದಯವಿಟ್ಟು ನಿಲ್ಲಿಸಿ. ಅದು ಕೊಡಪಾನ ಎತ್ತಲು ಮಾಡಿದ ಬೀಡುಕಬ್ಬಿಣ. ಜಗ್ಗು ಬಂದಾಗ ಹಗ್ಗ ಗಾಲಿಯಿಂದ ಹಾರಿ ಪಕ್ಕದ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ತುಂಡು ನಡುಗಾಳಿಯಲ್ಲಿ ನಿಲ್ಲುತ್ತದೆ. ಇಲ್ಲವೇ ಕಪ್ಪಿಯೇ ಒಡೆಯುತ್ತದೆ. ತೂಗುಮಂಚದ ಸಂಕೋಲೆ, ಎಸ್ ಆಕಾರದ ಕೊಕ್ಕೆಗೂ ಇದೇ ಮಾತು. ಬೆಸುಗೆ ಇಲ್ಲದ ಕೊಂಡಿ ಜಗ್ಗಿಗೆ ಬಿಚ್ಚಿಕೊಳ್ಳುತ್ತದೆ.

ಕೊಳ್ಳುವಾಗ ಎರಡು ನೋಡಿ. ಗಾಲಿಯ ವ್ಯಾಸ ಹಗ್ಗದ ದಪ್ಪದ ನಾಲ್ಕು ಪಟ್ಟಾದರೂ ಇರಲಿ, 12 ಮಿ.ಮೀ. ಹಗ್ಗಕ್ಕೆ 5 ಸೆಂ.ಮೀ.; ದೊಡ್ಡದಾದಷ್ಟೂ ಹಗ್ಗಕ್ಕೆ ಒಳ್ಳೆಯದು. ಎರಡನೆಯದಾಗಿ, ಮೇಲಿರುವ ಪ್ರತಿಯೊಂದು ಲೋಹದ ಸಾಮಾನೂ ಹಗ್ಗಕ್ಕಿಂತ ಬಲವಾಗಿರಲಿ, ಕಪ್ಪಿಗೆ ಇಮ್ಮಡಿ ಜಗ್ಗು ಬೀಳುವುದರಿಂದ ಇಮ್ಮಡಿ ಬಲ. ಏನಾದರೂ ಹೋಗಲೇಬೇಕಾದರೆ ಹಗ್ಗ ಹೋಗಲಿ. ಹಗ್ಗ ಕಡಿದರೆ ತುಂಡು ಬೀಳುತ್ತದೆ. ಕಪ್ಪಿ ಕಿತ್ತರೆ ಅದು ಮೇಲಿರುವವನ ಮುಖಕ್ಕೆ ಬರುತ್ತದೆ.

ಬರಹ ಓದುವಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಶ್ಯಾಕಲ್ (ತಿರುಪಿನ ಪಿನ್ನಿರುವ ಯು ಆಕಾರದ ಕೊಂಡಿ) ಮೇಲೆ "1 ಟನ್, ಡಬ್ಲ್ಯುಎಲ್ಎಲ್" ಎಂದಿದ್ದರೆ ಅದು ದುಡಿಸುವ ಭಾರ. ಅಲ್ಯುಮಿನಿಯಂ ಕ್ಯಾರಬೈನರ್ (ಒಂದು ಬದಿ ತೆರೆದು ಮುಚ್ಚುವ ಕೊಂಡಿ) ಮೇಲೆ "22 ಕಿಲೋನ್ಯೂಟನ್" ಎಂದಿದ್ದರೆ ಅದು ಮುರಿಯುವ ಭಾರ, ಸುಮಾರು 2,240 ಕೆ.ಜಿ.; ಅದೂ ಉದ್ದಕ್ಕೆ ಎಳೆದರೆ. ಅಡ್ಡಕ್ಕೆ ಎಳೆದರೆ ಏಳೆಂಟು ಕಿಲೋನ್ಯೂಟನ್ನಿಗೇ ಹೋಗುತ್ತದೆ. ಕೈಯಲ್ಲಿ ಹಿಡಿದಾಗ ಎರಡೂ ಒಂದೇ ಗಟ್ಟಿ ಅನ್ನಿಸುತ್ತವೆ. ಹತ್ತುವವರ ಕ್ಯಾರಬೈನರನ್ನು ಇಳಿಸುವ ಸಾಲಿಗೆ ಸೇರಿಸಬೇಡಿ.

ತೂಕ ಉಳಿಸುವುದೇ ಗುರಿಯಾದರೆ ಕಪ್ಪಿಯ ಬದಲು ಅಲ್ಯುಮಿನಿಯಂ ರಿಗ್ಗಿಂಗ್ ರಿಂಗು (ಹಗ್ಗ ಹಾಯಿಸುವ ನುಣುಪು ಬಳೆ) ತರಿಸಿ. ತೂಗುವುದು ಕೆಲವು ನೂರು ಗ್ರಾಂ, ತಿರುಗುವ ಭಾಗವೇ ಇಲ್ಲ, ಹಗ್ಗ ಉಜ್ಜುವುದರಿಂದ ಕೆಳಗಿನವರಿಗೆ ಸ್ವಲ್ಪ ತಡೆ ಸಿಗುತ್ತದೆ. ಚಿಕ್ಕ ತಂಡಕ್ಕೆ ನನ್ನ ಮಟ್ಟಿಗೆ ಇದೇ ಸರಿ. ಶ್ಯಾಕಲನ್ನೇ ರಿಂಗಿನಂತೆ ಬಳಸುವವರಿದ್ದಾರೆ. ಓಡುವ ಹಗ್ಗ ಅದರ ಪಿನ್ನಿಗೆ ಉಜ್ಜಿ ತಿರುಪು ಬಿಚ್ಚುತ್ತದೆ.

ಹಂತ 7: ಬುಡದಲ್ಲಿ ತಡೆ

ಹಗ್ಗವನ್ನು ಕೈಯಲ್ಲೇ ಹಿಡಿದು ಇಳಿಸುವ ಕೆಲಸವಲ್ಲ ಇದು. ಅದೇ ಮರದ ಬುಡಕ್ಕೆ ಎರಡು ಅಥವಾ ಮೂರು ಸುತ್ತು ಹಾಕಿ. ಒರಟು ತೊಗಟೆಯ ಮೇಲೆ ಒಂದು ಪೂರ್ಣ ಸುತ್ತು ನಿಮ್ಮ ಹಿಡಿತವನ್ನು ನಾಲ್ಕೈದು ಪಟ್ಟು ಹೆಚ್ಚಿಸುತ್ತದೆ. ಸುತ್ತು ಹೆಚ್ಚಾದರೆ ಹಗ್ಗ ಓಡುವುದೇ ಇಲ್ಲ, ಹಂತ 3ರ ಜಗ್ಗು ಪೂರ್ತಿ ಮೇಲೆ ಹೋಗುತ್ತದೆ. ಮೊದಲ ತುಂಡು ಚಿಕ್ಕದಾಗಿರಲಿ, ಎಷ್ಟು ಸುತ್ತು ಸರಿ ಎಂಬುದು ಅದರಲ್ಲೇ ಗೊತ್ತಾಗುತ್ತದೆ.

ಪಕ್ಕದ ಕಂಗಿಗೆ ಸುತ್ತಬೇಡಿ; ಅದು ಈ ಎಳೆತಕ್ಕಲ್ಲ. ಹಲಸಿನ ಬುಡದಲ್ಲಿ ಗಾಯವಾಗಿ ಮೇಣ ಒಸರುತ್ತಿದ್ದರೆ ಹಗ್ಗ ಅಂಟಿ ಅಂಟಿ ಜಿಗಿಯುತ್ತ ಇಳಿಯುತ್ತದೆ. ಆಗ ಅಲ್ಲಿ ಗೋಣಿ ಸುತ್ತಿ. ಮೇಣ ತೆಗೆಯಲೆಂದು ಹಗ್ಗಕ್ಕೆ ತೆಂಗಿನೆಣ್ಣೆ, ಸೀಮೆಎಣ್ಣೆ ಉಜ್ಜಿದರೆ ಮುಂದಿನ ಮರದಲ್ಲಿ ಸುತ್ತು ಹಿಡಿಯುವುದಿಲ್ಲ. ಬುಡಕ್ಕೆ ಕಟ್ಟುವ ಲೋಹದ ಇಳಿಸುವ ಡ್ರಮ್ ಒಳ್ಳೆಯದೇ, ಆದರೆ ಎರಡನೇ ವರ್ಷ ಕೊಳ್ಳಿ.

ಹಂತ 8: ಕೊಯ್ಯುವ ಮೊದಲು

ಎಲ್ಲ ಕಟ್ಟಿದ ಮೇಲೆ ಹತ್ತಿದವನು ಬದಿಗೆ ಸರಿದು ತನ್ನ ಹಗ್ಗದಲ್ಲಿ ಇರಲಿ. ಕೆಳಗೆ ಇಬ್ಬರು ಹಗ್ಗದ ಎರಡೂ ಎಳೆ ಹಿಡಿದು ಪೂರ್ತಿ ತೂಗಲಿ. ಗೆಲ್ಲು ಎಷ್ಟು ಬಾಗಿತು, ಬೆಲ್ಟ್ ಜಾರಿತೇ, ರಿಂಗು ಸರಿಯಾಗಿ ಕೂತಿತೇ ಎಂದು ನೋಡಿ. ಕಟಕಟ ಸದ್ದು ಬಂದರೆ ಅಲ್ಲಿಗೆ ನಿಲ್ಲಿಸಿ.

ಕೂಗುವ ಮಾತನ್ನೂ ಮೊದಲೇ ನಿಶ್ಚಯಿಸಿ. ನಮ್ಮ ತಂಡಗಳಲ್ಲಿ ಮೇಲೆ ತುಳು, ಕೆಳಗೆ ಮಲಯಾಳ, ನಡುವೆ ಹಿಂದಿ. ಮಿಷನ್ ಸದ್ದಿನಲ್ಲಿ ಕನ್ನಡದ "ಬಿಡು", ಮಲಯಾಳದ "ಪಿಡಿ" ಒಂದೇ ಥರ ಕೇಳುತ್ತವೆ, ಅರ್ಥ ಮಾತ್ರ ತದ್ವಿರುದ್ಧ. ಸೀಟಿಯೇ ವಾಸಿ: ಒಂದು ಸೀಟಿ ನಿಲ್ಲಿಸಲು, ಎರಡು ಬಿಡಲು.

ಹಗ್ಗ ಹಿಡಿದವರು ಬೀಳುವ ಜಾಗದ ಹೊರಗೆ ನಿಲ್ಲಲಿ, ಕೈಗೆ ಚರ್ಮದ ಗ್ಲೌಸ್ ಇರಲಿ, ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳದಿರಲಿ. ಉಳಿದ ಹಗ್ಗದ ಸುರುಳಿಯೊಳಗೆ ಕಾಲಿಡಬಾರದು.

ಹಂತ 9: ಇಡುವುದು, ತೆಗೆದುಹಾಕುವುದು

ಸಂಜೆ ಹಗ್ಗವನ್ನು ಬೆರಳ ನಡುವೆ ಪೂರ್ತಿ ಹಾಯಿಸಿ. ಒಂದು ಕಡೆ ತೆಳುವಾಗಿದ್ದರೆ, ಒಳಗೆ ಗಂಟಿನಂತೆ ತಾಗಿದರೆ, ಹೊರ ಹೆಣಿಗೆ ಒಳಗಿನದರ ಮೇಲೆ ಜಾರುತ್ತಿದ್ದರೆ ಆ ಭಾಗ ಹೋಯಿತು. ಗಂಟು ಬೀಳುವ ತುದಿ ಮೊದಲು ಸವೆಯುತ್ತದೆ. ಆಗಾಗ ಒಂದು ಮೀಟರ್ ಕತ್ತರಿಸಿ ತೆಗೆಯಿರಿ. ಎತ್ತರದಿಂದ ಕಲ್ಲಿನ ಮೇಲೆ ಬಿದ್ದ ಅಲ್ಯುಮಿನಿಯಂ ರಿಂಗಿನಲ್ಲಿ ಬಿರುಕಿನ ಗೆರೆ ಅಥವಾ ಆಳವಾದ ಕಚ್ಚು ಕಂಡರೆ ಗುಜರಿಗೆ ಹಾಕಿ.

ಬಹಳ ಮನೆಗಳಲ್ಲಿ ಹಗ್ಗ ಇಡುವುದು ರಬ್ಬರ್ ಶೀಟ್ ಮಾಡುವ ಕೊಟ್ಟಿಗೆಯಲ್ಲಿ. ಅಲ್ಲಿರುವ ಫಾರ್ಮಿಕ್ ಆಸಿಡ್ ನೈಲಾನನ್ನು ಕರಗಿಸಿಬಿಡುತ್ತದೆ. ಚೆಲ್ಲಿದ್ದು ತಾಗಿದರೂ ಸಾಕು, ಹೊರಗೆ ಏನೂ ಕಾಣದೆ ಬಲ ಹೋಗಿರುತ್ತದೆ. ಪಾಲಿಯೆಸ್ಟರಿಗೆ ಆಗದ್ದು ಸುಣ್ಣ, ಅಂದರೆ ಕಂಗಿಗೆ ಮದ್ದು ಬಿಡುವಾಗಿನ ಮೈಲುತುತ್ತು-ಸುಣ್ಣದ ದ್ರಾವಣ. ಹಗ್ಗವನ್ನು, ಬೆಲ್ಟನ್ನು ತಣ್ಣೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಚೀಲದಲ್ಲಿ ಹಾಕಿ ಮನೆಯೊಳಗೆ ತೂಗುಹಾಕಿ. ಮದ್ದು ಬಿಡುವವರು ಒಂದು ದಿನಕ್ಕೆ ಕೇಳಿದರೆ ಪಾಲಿಪ್ರೊಪಿಲೀನ್ ಹಗ್ಗ ಕೊಟ್ಟು ಕಳಿಸಿ.